ಮಸ್ಕಿ ಬಸ್ಸಿನ ಇಲಿ

ಕೋವಿಡ್ ಹಾವಳಿ ತಣ್ಣಗಾದ ಮೇಲೆ ನನ್ನನ್ನು ಸೂಕ್ಷ್ಮಜೀವಿ ತಜ್ಞೆಯಾಗಿ ಸಿಂಧನೂರಿಗೆ ಹಾಕಿದರು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಪೇಟೆಗಳಲ್ಲಿ ಇಲಿ ಹಿಡಿಸಿ, ಅವುಗಳಲ್ಲಿರುವ ಬ್ಯಾಕ್ಟೀರಿಯಾಗಳ ಜೀನೋಮ್ ಸೀಕ್ವೆನ್ಸಿಂಗ್ ಮಾಡಿಸುವುದು ಕೆಲಸ. ಜೀನೋಮ್ ಎಂದರೆ ಜೀವಿಯ ಒಳಗಿನ ಬರಹ. ಅದನ್ನು ಅಕ್ಷರ ಅಕ್ಷರವಾಗಿ ಓದಿದರೆ ಯಾವ ಬ್ಯಾಕ್ಟೀರಿಯಾ ಯಾವುದಕ್ಕೆ ನಂಟು ಎಂದು ತಿಳಿಯುತ್ತದೆ.

ಫಲಿತಾಂಶ ಬಂತು. ಮೂರೂ ಊರುಗಳ ಇಲಿಗಳಲ್ಲಿ ಲೆಪ್ಟೊಸ್ಪೈರಾದ ಒಂದೇ ತಳಿ. ಇಲಿಯ ಮೂತ್ರದಿಂದ ನೀರಿಗೆ ಸೇರಿ, ಮನುಷ್ಯರಿಗೆ ಜ್ವರ ತಂದು, ಕೆಲವೊಮ್ಮೆ ಕಿಡ್ನಿ ಕೆಡಿಸುವ ಬ್ಯಾಕ್ಟೀರಿಯಾ ಅದು. ರೋಗಿಗಳು ಇನ್ನೂ ಕಂಡುಬಂದಿರಲಿಲ್ಲ. ಆದರೆ ಇಲಿಗಳು ಸಿಂಧನೂರಿನಿಂದ ಲಿಂಗಸುಗೂರಿಗೆ ನಡೆದು ಹೋಗುವುದಿಲ್ಲ. ಆ ತಳಿ ಸಿಕ್ಕದ್ದೆಲ್ಲ ಬಸ್ ನಿಲ್ದಾಣಗಳ ಸುತ್ತ. ಅಲ್ಲಿರುವುದು ಮಿರ್ಚಿ ಬಜ್ಜಿ ಅಂಗಡಿಗಳು. ಎಲ್ಲಕ್ಕೂ ಕಡಲೆ ಹಿಟ್ಟು ಬರುವುದು ಒಂದೇ ಗೋದಾಮಿನಿಂದ. ಹಿಟ್ಟಿನ ಚೀಲಗಳ ಜೊತೆ ಇಲಿಗಳು ಸಾಗುತ್ತಿವೆ ಎಂದು ತರ್ಕಿಸಿ, ಆ ಅಂಗಡಿಗಳನ್ನೆಲ್ಲ ಮುಚ್ಚಿಸಬೇಕೆಂದು ವರದಿ ಬರೆದೆ. ಅದನ್ನು ಆರೋಗ್ಯ ಇಲಾಖೆಯ ಸಭೆಗೆ ಒಪ್ಪಿಸಲು ಲಿಂಗಸುಗೂರಿನ ಬಸ್ ಹತ್ತಿದೆ.

ಪಕ್ಕದ ಸೀಟಿನಲ್ಲಿ ಹಮೀದಾಬಿ ಕೂತಿದ್ದರು. ಸಿಂಧನೂರು ನಿಲ್ದಾಣದ ಎದುರು ಬಜ್ಜಿ ಕರಿದು ಮನೆ ನಡೆಸುವಾಕೆ. ನನ್ನ ವರದಿಯಿಂದ ಮೊದಲು ಆರುವ ಒಲೆ ಅವರದೇ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅವರ ಕಾಲ ಬಳಿ ಟವೆಲ್ ಮುಚ್ಚಿದ ಏನೋ ಒಂದು ಅಲುಗಾಡುತ್ತಿತ್ತು. ಕಂಡಕ್ಟರ್ ಟವೆಲ್ ಎತ್ತಿದ. ಬೋನಿನೊಳಗೆ ಒಂದು ದಪ್ಪ ಇಲಿ.

"ಏನಬೇ ಖಾಲಾ, ಇವತ್ತೂ ತಂದೀ?"

"ಟಿಕೆಟ್ ತಗೊಂಡೀನಲ್ಲೋ."

"ನಿಂದು ತಗೊಂಡಿ. ಇದರದು? ಕೋಳಿಗಾದ್ರ ಮಷೀನ್‌ನಾಗ ಐತಿ, ಇಲಿಗೆ ಏನಂತ ಒತ್ತಲಿ?"

"ಕೋಳಿ ಅಂತನ ಒತ್ತು. ಚೆಕಿಂಗ್‌ನವ್ರು ತತ್ತಿ ಇಡಿಸಿ ನೋಡ್ತಾರೇನು?"

ಅಷ್ಟರಲ್ಲಿ ನನ್ನ ಎರಡೂ ಕಾಲು ಸೀಟಿನ ಮೇಲಿದ್ದವು. ಎಲ್ಲಿಗೆ ಒಯ್ಯುತ್ತಿದ್ದೀರಿ ಎಂದು ಹೇಗೋ ಕೇಳಿದೆ.

"ಮಸ್ಕಿಗ್ರೀ ಮೇಡಮ್. ಕೊಲ್ಲಾಕ ಮನಸ ಬರಂಗಿಲ್ಲ. ಕೆನಾಲ್ ಆಚಿ ಬಿಟ್ರ ನನಗಿಂತ ಮೊದಲ ಮನಿ ಮುಟ್ಟಿರತಾವ. ಮಸ್ಕಿಗೆ ಬಿಟ್ಟಿದ್ದು ಒಂದೂ ತಿರುಗಿ ಬಂದಿಲ್ಲ ನೋಡ್ರಿ. ಎಲ್ಲಾರೂ ಹಂಗ ಮಾಡ್ತಾರ."

ಮಸ್ಕಿ ನಿಲ್ದಾಣದಲ್ಲಿ ಅವರು ಬೋನು ಹಿಡಿದು ಇಳಿದರು. ಅದೇ ಬಾಗಿಲಿನಿಂದ ದಪ್ಪ ಮೀಸೆಯ ಕಿರಾಣಿ ವ್ಯಾಪಾರಿಯೊಬ್ಬರು ಹತ್ತಿದರು. ಅವರ ಕೈಯಲ್ಲೂ ಬೋನು.

"ಲಿಂಗಸುಗೂರಿಗೆ ಒಂದು ಫುಲ್," ಎಂದವರು ಬೋನು ನೋಡಿ ಸೇರಿಸಿದರು, "ಬೇಕಂದ್ರ ಒಂದು ಹಾಫ್."

ಸಭೆಯಲ್ಲಿ ನಾನು ವರದಿ ಹೊರತೆಗೆಯಲಿಲ್ಲ. ಕಂಡದ್ದನ್ನು ಹೇಳಿ, ಇನ್ನಷ್ಟು ಸಮಯ ಕೇಳಿದೆ. ಮತ್ತೆ ಮಾದರಿ ತೆಗೆದೆವು. ಗೋದಾಮಿನ ಇಲಿಗಳಲ್ಲಿ ಆ ತಳಿ ಇರಲೇ ಇಲ್ಲ. ಅದರ ಹಳೆಯ ರೂಪ ಸಿಕ್ಕಿದ್ದು ಹಮೀದಾಬಿಯವರ ಅಂಗಡಿಯ ಹಿಂದೆ ಕಸ ಕಟ್ಟಿಕೊಂಡಿದ್ದ ಚರಂಡಿಯ ಇಲಿಗಳಲ್ಲಿ. ಅಲ್ಲಿಂದ ಮುಂದಕ್ಕೆ ಬಸ್ ಸಾಗಿಸಿತ್ತು. ಚರಂಡಿ ಸ್ವಚ್ಛವಾಯಿತು, ಅಂಗಡಿಗಳು ಉಳಿದವು.

ಜೀನೋಮ್ ನಂಟು ಹೇಳುತ್ತದೆ, ದಾರಿ ಹೇಳುವುದಿಲ್ಲ. ದಾರಿ ತಿಳಿಯಲು ಆ ದಾರಿಯ ಬಸ್ ಹತ್ತಬೇಕು. ವೃತ್ತಿ ನನಗೆ ಕಲಿಸಿದ್ದು ಇದು.

ಇಲಿ ಸಿಕ್ಕರೆ ಬಸ್ ಹತ್ತಿಸಬೇಡಿ, ನಮ್ಮ ಲ್ಯಾಬಿಗೇ ತಂದುಕೊಡಿ ಎಂದು ಹಮೀದಾಬಿಗೆ ಹೇಳಿದೆ. ಅವರು ಬಿಸಿ ಬಜ್ಜಿ ಮುಂದಿಟ್ಟು ಅನುಮಾನದಿಂದ ನೋಡಿದರು.

"ಲ್ಯಾಬ್ ಊರಾಗ ಐತಲ್ರೀ ಮೇಡಮ್. ತಿರುಗಿ ಬಂದ್ರ?"