ಕಾಫಿ ಅಂಗಡಿಯಲ್ಲಿ ಸೋದರಮಾವ

ಕಾಫಿ ಕುಡಿಯಬೇಕಾದರೆ ಫೋನಿನಲ್ಲಿ ಚಾರ್ಜ್ ಇರಬೇಕು ಎನ್ನುವುದು ನನಗೆ ತಿಳಿದದ್ದು ಮೊನ್ನೆ, ಮೂಡುಬಿದಿರೆಯಲ್ಲಿ. ಅಲ್ಲಿ ಹೊಸತಾಗಿ ಆಗಿರುವ ಆ ಕಾಫಿ ಅಂಗಡಿಯ ಗೋಡೆಗೆ ಸಾರಣೆ ಇಲ್ಲ. ಪಾಪ, ದುಡ್ಡು ಸಾಲದೆ ಕೆಲಸ ನಿಲ್ಲಿಸಿದ್ದಾರೆ ಎಂದು ಮರುಗಿದೆ. ಅದೇ ಸ್ಟೈಲು ಎಂದು ಆಮೇಲೆ ಗೊತ್ತಾಯಿತು. ಹಗಲಲ್ಲೇ ಬಲ್ಬುಗಳು ಉರಿಯುತ್ತಿದ್ದವು, ಆದರೂ ಒಳಗೆ ಕತ್ತಲೆ. ಮೇಜಿನ ಮೇಲೆ ಕಪ್ಪು ಚುಕ್ಕಿಗಳ ಒಂದು ಚೌಕ. ಅದನ್ನು ಫೋನಿಗೆ ತೋರಿಸಿದರೆ ಫೋನು ನಮಗೆ ತಿಂಡಿಗಳ ಹೆಸರು ತೋರಿಸುತ್ತದಂತೆ. ನಮ್ಮ ಹೋಟೆಲುಗಳಲ್ಲಿ ಸಪ್ಲೈಯರ್ ಗೋಳಿಬಜೆಯಿಂದ ಬನ್ಸ್‌ವರೆಗೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾನೆ. ಅವನಿಗೆ ಚಾರ್ಜ್ ಹಾಕಬೇಕಾಗಿಲ್ಲ. ನನ್ನ ಫೋನು ಆ ಚೌಕವನ್ನು ನೋಡಿದ್ದೇ ಕಣ್ಣು ಮುಚ್ಚಿತು. ಕೊನೆಗೆ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಬಳಿ ಹೋಗಿ ಬಾಯಿಯಿಂದಲೇ ಕಾಫಿ ಕೇಳಿದೆ. ಅಲ್ಲಿದ್ದವಳು ನನ್ನನ್ನು ಮ್ಯೂಸಿಯಮ್ಮಿನಿಂದ ತಪ್ಪಿಸಿಕೊಂಡು ಬಂದವನ ಹಾಗೆ ನೋಡಿದಳು.

ಕಾಫಿಯ ಆಸೆಗೆ ನಾನು ಅಲ್ಲಿಗೆ ಹೋದವನಲ್ಲ. ನನ್ನ ತಂಗಿ ಕುಸುಮಳ ಮಗಳು ಅಶ್ವಿತಾಳನ್ನು ನೋಡಲು ಕನ್ಯಾನದ ಹುಡುಗನೊಬ್ಬ ಬರುವವನಿದ್ದ. ನೋಡುವುದು ಮನೆಯಲ್ಲಲ್ಲ, ಕಾಫಿ ಅಂಗಡಿಯಲ್ಲಿ. ಹಿರಿಯರು ಯಾರೂ ಆ ದಿಕ್ಕಿಗೆ ತಲೆ ಹಾಕಬಾರದು ಎಂದು ಹುಡುಗಿಯ ಕರಾರು. ಇದು ಅನ್ಯಾಯವಲ್ಲವೆ? ತಾಯಿಯ ಕಡೆಯಿಂದ ವಂಶ ಎಣಿಸುವ ನಮ್ಮ ಅಳಿಯಸಂತಾನದ ಮನೆಗಳಲ್ಲಿ ಮದುವೆಯ ಮಾತಿಗೆ ಅಪ್ಪ ಇಲ್ಲದಿದ್ದರೂ ನಡೆದೀತು, ಸೋದರಮಾವ ಬೇಕೇಬೇಕು. ಕಾನೂನು ಬಂದು ಮಾವಂದಿರ ಯಜಮಾನಿಕೆ ಹೋಯಿತು, ಗತ್ತೊಂದು ಉಳಿದಿತ್ತು. ಈಗ ಅದನ್ನೂ ಒಂದು ಕಾಫಿ ಅಂಗಡಿ ಕಿತ್ತುಕೊಳ್ಳುವುದೆಂದರೆ?

ಕುಸುಮಳಿಗೂ ತಡೆಯಲಿಲ್ಲ. "ಅಣ್ಣ, ಎಷ್ಟೋ ಸಂಬಂಧ ಬೇಡ ಅಂದವಳು ಇದೊಂದಕ್ಕೆ ನೋಡುವ ಅಂದಿದ್ದಾಳೆ. ನೀವು ದೂರ ಕೂತು ಹುಡುಗನನ್ನು ನೋಡಿ ಬನ್ನಿ. ನಿಮ್ಮ ಬಾಯಿ ಮಾತ್ರ ತೆಗೀಬೇಡಿ."

ಮಳೆಗಾಲದ ಕಪ್ಪೆಗೆ ಹೇಳಿದ ಹಾಗಾಯಿತು. ನನ್ನ ಬಾಯಿಯ ಕೀರ್ತಿ ನಾರಾವಿಯಿಂದ ಬಂಟ್ವಾಳದವರೆಗೂ ಹಬ್ಬಿದೆ. ಒಮ್ಮೆ ಬೆಳ್ತಂಗಡಿಯ ಬಸ್ಸಿನಲ್ಲಿ ಕಂಡಕ್ಟರನಿಗೆ ನಾಳೆ ಮದುವೆ ಎಂದು ಪಕ್ಕದವನ ಕಿವಿಯಲ್ಲಿ ಹೇಳಿದೆ. ಬಸ್ಸು ಪೇಟೆ ಮುಟ್ಟುವಷ್ಟರಲ್ಲಿ ಇಡೀ ಬಸ್ಸು ಅವನ ಕೈ ಕುಲುಕಿತ್ತು, ಒಬ್ಬಳು ಮುದುಕಿ ಕಣ್ಣೀರು ಹಾಕಿ ಹರಸಿದ್ದಳು. ಅವನಿಗೆ ಆಗಲೇ ಮಕ್ಕಳಿದ್ದರು. ಇಂಥ ಪ್ರತಿಭೆ ಟೊಪ್ಪಿ ಹಾಕಿ, ಕಪ್ಪು ಕನ್ನಡಕ ಇಟ್ಟು, ಬಾಯಿ ಮುಚ್ಚಿ ಕೂರಬೇಕಿತ್ತು.

ಕೂರಲಿಕ್ಕೆ ಜಾಗ ಎಲ್ಲಿ? ಪ್ರತಿ ಮೇಜಿಗೆ ಎರಡೇ ಕುರ್ಚಿ, ಎಲ್ಲ ಭರ್ತಿ. ಕಿಟಕಿಯ ಬಳಿ ಅಶ್ವಿತಾ ಮತ್ತು ಹುಡುಗ. ಮೂಲೆಯಲ್ಲಿ ನನ್ನ ಪ್ರಾಯದವರೊಬ್ಬರು ಪೇಪರು ಹಿಡಿದು ಒಬ್ಬರೇ ಕೂತಿದ್ದರು. ಖಾಲಿ ಕುರ್ಚಿ ಕಂಡರೆ ಯಾರ ಎದುರೂ ಕೂರುವುದು ನಮ್ಮ ಕಡೆಯ ಹೋಟೆಲು ಧರ್ಮ. ಕೂತೆ.

ಕಾಫಿ ಬಂತು. ನೊರೆಯ ಮೇಲೆ ಒಂದು ಎಲೆ ಬರೆದಿದ್ದರು. ಸಕ್ಕರೆ ಕಲಕಿದರೆ ಎಲೆ ಹಾಳು, ಕಲಕದಿದ್ದರೆ ಕಾಫಿ ಹಾಳು. ಇರಲಿ, ಹುಡುಗನನ್ನು ನೋಡೋಣ ಎಂದರೆ ಅದಕ್ಕೂ ಉಪಾಯವಿಲ್ಲ. ಗಂಡಿನ ಗುಣ ತಿಳಿಯಬೇಕಾದರೆ ಅವನು ಸಪ್ಲೈಯರನ್ನು ಕರೆಯುವ ರೀತಿ ನೋಡಬೇಕು ಎನ್ನುವುದು ನನ್ನ ಸಿದ್ಧಾಂತ. "ಏಯ್" ಎಂದವನಿಗೆ ಹೆಣ್ಣು ಕೊಡಬಾರದು. ಇಲ್ಲಿ ಕರೆಯಲು ಸಪ್ಲೈಯರೇ ಇಲ್ಲ! ಫೋನನ್ನು ಯಾರು ಗದರಿಸುತ್ತಾರೆ?

ಎದುರಿನವರು ಪೇಪರು ಇಳಿಸಿದರು. "ಆ ಹಸಿರು ಚೂಡಿದಾರದ ಹುಡುಗಿ ನಿಮಗೆ ಗುರ್ತ ಉಂಟಾ?"

ಯಾಕೆ ಕೇಳುತ್ತಾರೆ ಎಂದು ಯೋಚಿಸುವವನು ಬುದ್ಧಿವಂತ. ನಾನು ಬಾಯಿ ತೆರೆಯಲು ನೆವ ಸಿಕ್ಕಿತೆಂದು ಹಿಗ್ಗಿದೆ. "ಗುರ್ತ ಇಲ್ಲದೆ? ನಾರಾವಿಯವಳು, ಬಂಗಾರದಂಥ ಹುಡುಗಿ. ಆದರೆ ಅವಳಿಗೊಬ್ಬ ಸೋದರಮಾವ ಇದ್ದಾನೆ ಮಾರಾಯ್ರೆ, ಅಂಥವನು ಜಿಲ್ಲೆಯಲ್ಲೇ ಇಲ್ಲ."

ಬಸ್ಸಿನ ಕತೆ ಹೇಳಿದೆ. ಅವರು ನಗಲಿಲ್ಲ. ನಗಿಸದೆ ಬಿಡುವವನಲ್ಲ ನಾನು. ಮನೆಗೆ ಬರುವ ಅಳಿಯಂದಿರನ್ನು ಆ ಮಾವ ತೆಂಗಿನಮರ ಹತ್ತಿಸುತ್ತಾನೆಂದೂ ಮದುಮಗನೊಬ್ಬ ಅವನ ಕಾಟಕ್ಕೆ ಚಪ್ಪಲಿ ಬಿಟ್ಟು ಓಡಿದನೆಂದೂ ಸೇರಿಸಿದೆ. ನನ್ನನ್ನು ನಾನೇ ಹೊಗಳುವುದರಲ್ಲಿ ಅಷ್ಟು ಸುಖವಿದೆಯೆಂದು ಗೊತ್ತಿರಲಿಲ್ಲ.

ಅವರು ಪೇಪರು ಮಡಚಿದರು. "ಹಾಗಾದರೆ ಕಷ್ಟ. ಆ ಹುಡುಗ ನನ್ನ ತಂಗಿಯ ಮಗ, ಪಾಪದವ. ಅಂಥ ಮಾವನ ಕೈಗೆ ಸಿಕ್ಕಿದರೆ ಉಳಿಲಿಕ್ಕಿಲ್ಲ. ಈಗಲೇ ತಂಗಿಗೆ ಫೋನ್ ಮಾಡಿ ಬೇಡ ಅಂತ ಹೇಳ್ತೇನೆ."

ಕುಸುಮಳ ಮುಖ ಕಣ್ಣೆದುರು ಬಂತು. ಇವರ ಫೋನಿನಲ್ಲಿ ಚಾರ್ಜೂ ಇತ್ತು.

"ನಿಲ್ಲಿ ನಿಲ್ಲಿ," ಅಂದೆ. "ಆ ಮಾವ ಈಗ ಹಾಸಿಗೆ ಹಿಡಿದಿದ್ದಾನೆ."

"ಹೌದಾ? ಮಾತಾಡ್ತಾನಾ?"

"ಮಾತು ಪೂರ್ತಿ ನಿಂತಿದೆ."

"ಗುಣ ಆಗುವ ಲಕ್ಷಣ ಎಂತಾದ್ರೂ ಉಂಟಾ?"

"ಇಲ್ಲವೇ ಇಲ್ಲ."

"ಛೆ, ಪಾಪ," ಎಂದು ಅವರು ಫೋನು ಕಿಸೆಗೆ ಹಾಕಿ ಕಾಫಿಯನ್ನು ತೃಪ್ತಿಯಿಂದ ಹೀರಿದರು. ನನ್ನ ಕಾಯಿಲೆಗೆ ಇಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ. ತಂಗಿಯ ಮಗಳಿಗಾಗಿ ನಾನು ಸಾಯಲಿಕ್ಕೂ ತಯಾರಿದ್ದೆ. ಅಷ್ಟರಲ್ಲಿ ನೆರಳು ಬಿತ್ತು.

"ಮಾವ, ಕನ್ನಡಕ ತೆಗೀರಿ," ಎಂದಳು ಅಶ್ವಿತಾ. ಪಕ್ಕದಲ್ಲಿ ಆ ಹುಡುಗ. "ನಿಮ್ಮ ಸ್ವರ ಕಿಟಕಿಯವರೆಗೆ ಕೇಳ್ತದೆ."

ಎದುರಿನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಾಸಿಗೆ ಹಿಡಿದವರು ಇವರಾ?"

"ಈಗ ಸ್ವಲ್ಪ ಗುಣ ಉಂಟು," ಅಂದೆ.

ಅವರು ಇನ್ನೇನು ಎದ್ದು ನಿಲ್ಲಬೇಕು, ಆ ಪಾಪದ ಹುಡುಗ ಅವರನ್ನೇ ನೋಡಿ ಮೆಲ್ಲಗೆ ಕೇಳಿದ: "ನೀವು ಧರ್ಮಸ್ಥಳಕ್ಕೆ ಹೋಗ್ತೇನೆ ಅಂತ ಹೊರಟದ್ದಲ್ವಾ ಮಾವ?"

ಕನ್ಯಾನದಿಂದ ಧರ್ಮಸ್ಥಳಕ್ಕೆ ಹೋಗುವವನಿಗೆ ದಾರಿಯಲ್ಲಿ ಮೂಡುಬಿದಿರೆ ಸಿಗಬೇಕಾದರೆ ಬಸ್ಸಿಗೆ ಹುಚ್ಚು ಹಿಡಿದಿರಬೇಕು. ಆ ಮನುಷ್ಯ ಪುನಃ ಕೂತರು. ನಾನು ಸಕ್ಕರೆ ಕಲಕಿದೆ.

ಮರಳುವಾಗ ಅಶ್ವಿತಾಳ ಕಾರಿನಲ್ಲಿ ತಡೆಯಲಾರದೆ ಕೇಳಿದೆ, "ಸಂಬಂಧ ನನ್ನಿಂದ ಹಾಳಾಯಿತಾ ಮಗಾ?"

"ನನಗೆ ಕೇಳಲಿಕ್ಕೆ ಇದ್ದದ್ದು ಒಂದೇ ಪ್ರಶ್ನೆ," ಎಂದಳು ಅವಳು. "ನಮ್ಮ ಮನೆಯಲ್ಲಿ ಇಂಥವರೊಬ್ಬರು ಇದ್ದಾರೆ, ತಾಳಿಕೊಳ್ತೀರಾ ಅಂತ ನಿಮ್ಮನ್ನು ತೋರಿಸಿದೆ. ಅವರು ನಿಮ್ಮ ಎದುರಿನ ಕುರ್ಚಿ ತೋರಿಸಿದ್ರು."

"ಮತ್ತೆ?"

"ಮತ್ತೆ ಎಂತ? ಆಗಬಹುದು ಅಂದೆ."

ಜಾತಕಗಳಲ್ಲಿ ಗ್ರಹಗಳನ್ನು ಕೂಡಿಸಿ ನೋಡುವವರು ಮಾವಂದಿರನ್ನು ಯಾಕೆ ಕೂಡಿಸಿ ನೋಡುವುದಿಲ್ಲವೋ ನನಗೆ ತಿಳಿಯದು. ಶನಿ ಎಲ್ಲಿದ್ದಾನೆಂದು ಹುಡುಕುವ ಶ್ರಮವಾದರೂ ಉಳಿಯುತ್ತಿತ್ತು.

ಕುಸುಮ ಜಗಲಿಯಲ್ಲೇ ಕಾಯುತ್ತಿದ್ದಳು. "ಹುಡುಗ ಹೇಗಿದ್ದಾನೆ ಅಣ್ಣ?"

ಆಗ ಹೊಳೆಯಿತು, ಅವನನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

"ಹುಡುಗನದ್ದು ಗೊತ್ತಿಲ್ಲ," ಅಂದೆ. "ಅವನ ಮಾವ ಮಾತ್ರ ನಮ್ಮ ಮನೆಗೆ ಆಗುವ ಜನ."