ತವರಿನಲ್ಲಿ ಸಿಗದ ಸೊಪ್ಪಿನ ಸಾರು

ನಮ್ಮವ್ವನಿಗೆ ಮೈಸೂರಿನಲ್ಲಿ ಹೃದಯದ ವಾಲ್ವ್ ಬದಲಾಯಿಸಿದ ಮೇಲೆ, ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನಾ ನುಂಗಲು ಒಂದು ಮಾತ್ರೆ ಕೊಟ್ಟಿದ್ದರು. ರಕ್ತ ಪರೀಕ್ಷೆ ಮಾಡಿ ಮಾಡಿ ಅದರ ಅಳತೆ ಗೊತ್ತು ಮಾಡಿದ್ದರು. ಮಾಂಬಳ್ಳಿಯ ನಮ್ಮ ಮನೆಯಲ್ಲಿ ದಿನಾ ಮುದ್ದೆ, ಸೊಪ್ಪಿನ ಬಸ್ಸಾರು. ಆ ಊಟಕ್ಕೆ ಆ ಮಾತ್ರೆ ಹೊಂದಿಕೊಂಡಿತ್ತು. ಅವ್ವ ಬದುವಿನ ಮೇಲೆ ಸೊಪ್ಪು ಕೀಳುತ್ತಾ ಸುಖವಾಗಿದ್ದಳು.

ಹನೂರಿನ ಕಡೆಯ ತವರಿಗೆ ಹೋದಳು ನೋಡಿ, ಶುರುವಾಯಿತು. ತವರಿಗೆ ಬಂದ ಹೆಣ್ಣುಮಗಳಿಗೆ ಸೊಪ್ಪಿನ ಸಾರು ಬಡಿಸಿದರೆ ನಮ್ಮಲ್ಲಿ ಮಾನ ಹೋದಂತೆ. ಒಂದು ದಿನ ಕೋಳಿ, ಒಂದು ದಿನ ಒಬ್ಬಟ್ಟು, ಸೊಪ್ಪಿನ ಸುದ್ದಿಯೇ ಇಲ್ಲ. ಅದೂ ಸಾಲದು ಅಂತ ನನ್ನ ಸೋದರಮಾವ ಸಂತೆಯಲ್ಲಿ ಗಿಡಮೂಲಿಕೆ ಮಾರುವವನಿಂದ 'ಚೀನಾ ದೇಶದ ಬೇರು' ತಂದ. ತಂಗಿಯ ಎದೆ ಗಟ್ಟಿಯಾಗಲಿ ಅಂತ ತಾನೇ ಒಲೆ ಮುಂದೆ ಕೂತು ಕಷಾಯ ಕಾಯಿಸಿ ಕುಡಿಸಿದ.

ಅವ್ವನನ್ನು ಕರೆತರಲು ಹೋದ ನಾನು ನೋಡಿದರೆ ವಸಡಿನಲ್ಲಿ ರಕ್ತ, ತೋಳಿನ ತುಂಬಾ ಕಪ್ಪು ಕಲೆ!

"ಏನಿಲ್ಲ ಕಣವ್ವ, ಹಲ್ಲುಜ್ಜೋವಾಗ ಬೇವಿನ ಕಡ್ಡಿ ತಾಕ್ಯದೆ" ಅಂದಳು ಅವ್ವ.

ನನಗೆ ಸಿಟ್ಟು ನೆತ್ತಿಗೇರಿತು. "ಏನ್ ಮಾವ, ನಿಂಗೆ ಕಣ್ ಕಾಣಾಕಿಲ್ವಾ?" ಅಂತ ಕೂಗಾಡಿ ಇಬ್ಬರನ್ನೂ ಕಾಮಗೆರೆಯ ಆಸ್ಪತ್ರೆಗೆ ಹೊರಡಿಸಿದೆ.

"ಹೊಸದಾಗಿ ಏನಾದ್ರೂ ತಗೊಂಡ್ರಾ?" ಅಂತ ಡಾಕ್ಟರು ಕೇಳಿದರೆ, ಅವ್ವ ಅಣ್ಣನ ಮುಖ ನೋಡಿ, "ಏನೂ ಇಲ್ಲ ಸಾ" ಅಂದುಬಿಟ್ಟಳು. ಜೀವ ಹೋಗುತ್ತಿದ್ದರೂ ತವರಿನ ಮರ್ಯಾದೆ ಬಿಡಲಿಲ್ಲ, ಪುಣ್ಯಾತ್ಗಿತ್ತಿ! ಮಾವನೇ ಜೇಬಿನಿಂದ ಬೇರು ತೆಗೆದು ಮೇಜಿನ ಮೇಲಿಟ್ಟ.

"ಸುಳ್ಳು ಸಾ. ನಾನೇ ಕುಡ್ಸಿದ್ದು."

ಡಾಕ್ಟರು ಬೈಯಲಿಲ್ಲ. "ಇಂಥ ಕೆಲವು ಬೇರು ಆ ಮಾತ್ರೆ ಜೊತೆ ಸೇರಿದ್ರೆ ರಕ್ತ ಅತಿಯಾಗಿ ತೆಳುವಾಗುತ್ತೆ. ಚೀನಾದ್ದಾಗ್ಲಿ, ನಮ್ಮೂರದ್ದಾಗ್ಲಿ, ಕೇಳದೆ ಕೊಡಬೇಡಿ. ಸೊಪ್ಪು ಆ ಮಾತ್ರೆಯ ಬಲ ತಗ್ಗಿಸುತ್ತೆ, ದಿನಾ ತಿನ್ನೋದನ್ನ ಇದ್ದಕ್ಕಿದ್ದ ಹಾಗೆ ಬಿಟ್ರೂ ಇದೇ ಕಷ್ಟ. ಹೆಚ್ಚೂ ಬೇಡ, ಕಮ್ಮಿನೂ ಬೇಡ, ದಿನಾ ಒಂದೇ ಅಳತೆ ಇರಲಿ" ಅಂದರು. ಅವ್ವನನ್ನು ಅಲ್ಲೇ ಉಳಿಸಿಕೊಂಡು, ಮಾತ್ರೆ ತಡೆಹಿಡಿದು ಇಂಜೆಕ್ಷನ್ ಕೊಟ್ಟರು. ರಕ್ತ ನಿಂತಿತು. ಮಾವ ಆಸ್ಪತ್ರೆಯ ಜಗಲಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. ನನ್ನ ಸಿಟ್ಟೂ ಅಲ್ಲೇ ಇಳಿಯಿತು.

ಮುಂದಿನ ಹಬ್ಬಕ್ಕೆ ಅವ್ವ ಮತ್ತೆ ತವರಿಗೆ ಹೋದಳು, ಜೊತೆಗೆ ನಾನೂ. ನೆಂಟರೆಲ್ಲ ಕೂತಿದ್ದ ಪಂಕ್ತಿಯಲ್ಲಿ ಮಾವ ತಂಗಿಯ ಎಲೆಗೆ ಮುದ್ದೆ ಇಟ್ಟು, ಸೊಪ್ಪಿನ ಬಸ್ಸಾರು ಬಿಟ್ಟ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಮೂಗಿನ ಮೇಲೆ ಬೆರಳಿಟ್ಟಳು.

"ಅಯ್ಯೋ, ಹಬ್ಬದ ದಿನ ತಂಗಿಗೆ ಸೊಪ್ ಇಕ್ತೀಯಲ್ಲೋ, ಮಾನ ಓಗಾಕಿಲ್ವಾ?"

"ಮಾನ ಓದ್ರೆ ಓಗ್ಲಿ ಕಣಜ್ಜಿ, ತಂಗೀನ ಎಲ್ಲಿಂದ ತರ್ಲಿ?"

ಅವ್ವನಿಗೆ ಸಾರು ರುಚಿಸಿತು. "ಇನ್ನೊಂದ್ ಸೌಟು ಇಕ್ಕಣ್ಣ" ಅಂದಳು.

"ಊಹೂಂ, ಮಾಂಬಳ್ಳೀಲಿ ಉಣ್ಣೋವಷ್ಟೇಯ" ಅಂದವನೇ ಮಾವ ಪಾತ್ರೆ ಎತ್ತಿಕೊಂಡು ಒಳಗೆ ನಡೆದ. ತಂಗಿ ಬಾಯಿಬಿಟ್ಟು ಕೇಳಿದರೂ ಬಡಿಸದ ಅಣ್ಣನನ್ನು ಆ ಊರು ಕಂಡಿರಲಿಲ್ಲ. ಅವ್ವ ಮಾತ್ರ ಬೆರಳು ನೆಕ್ಕುತ್ತಾ ನಗುತ್ತಿದ್ದಳು.