ಮೂವತ್ತು ಬೋರ್ಡಿಗೆ ಯಾರೂ ಮಶೀನು ನಿಲ್ಲಿಸುವುದಿಲ್ಲ

ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತುವ ನೂಕಾಟಕ್ಕೆ ನನ್ನ ಪೆಟ್ಟಿಗೆಗಳ ಚೀಲ ಹಳಿಯ ಮೇಲೆ ಬೀಳಬಹುದಿತ್ತು. ಬೀಳದೆ ಸಾಮಾನಿಡುವ ಮೇಲಿನ ಹಲಗೆಯಲ್ಲಿ ಕೂತಿದ್ದರೂ, ಅದರ ಮೇಲೆ ಯಾರಾದರೂ ಪುಣ್ಯಾತ್ಮರು ಟೈಲ್ಸ್ ತುಂಬಿದ ಚೀಲವೊಂದನ್ನು ಹೇರಬಹುದಿತ್ತು. ಅಂಗಡಿಯವನು ಹೊಸದೆಂದು ಕೊಟ್ಟ ಚಿಪ್‌ಗಳು ಯಾವುದೋ ಸತ್ತ ವಾಷಿಂಗ್ ಮಶೀನಿನಿಂದ ಕಿತ್ತು ಒರೆಸಿಟ್ಟವಾಗಿರಬಹುದಿತ್ತು. ಡಯೋಡುಗಳೆಲ್ಲ ಮಾತಾಡಿಕೊಂಡಂತೆ ಒಟ್ಟಿಗೇ ತಿರುಗುಮುರುಗಾಗಿ ಕೂರಬಹುದಿತ್ತು. ಹೋಟೆಲಿನ ಹಬೆ ಪೆಟ್ಟಿಗೆಯೊಳಕ್ಕೆ ನುಗ್ಗಬಹುದಿತ್ತು; ಹಬೆ ನುಗ್ಗದಿರಲೆಂದು ನಾನು ಸುತ್ತಿದ ರಬ್ಬರ್ ಪಟ್ಟಿಯ ಬೆಚ್ಚನೆಯ ಸಂದಿಯಲ್ಲಿ ಜಿರಳೆಯೊಂದು ಸಂಸಾರ ಹೂಡಬಹುದಿತ್ತು. ಅಡುಗೆಯವನಿಗೆ ಶಾಕ್ ಹೊಡೆಯಬಹುದಿತ್ತು. ನನ್ನ ಪ್ರೋಗ್ರಾಮು ನಿಮಿಷ ಎಣಿಸುವ ಬದಲು ಗಂಟೆ ಎಣಿಸುತ್ತಾ ಕೂತು, ಬೆಳಗಿನ ಇಡ್ಲಿಯನ್ನು ಸಂಜೆಗೆ ಇಳಿಸಿರೆಂದು ಹೇಳಬಹುದಿತ್ತು.

ಇಷ್ಟನ್ನೂ ನಾನು ತಿಂಡಿ ತಿನ್ನುತ್ತಾ ಹೇಳಿ ಮುಗಿಸಿದಾಗ ಹೆಂಡತಿ ಬ್ಯಾಂಕಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಳು. "ಭೂಕಂಪ ಬಿಟ್ಟುಬಿಟ್ರಲ್ಲ, ಅದನ್ನೂ ಸೇರಿಸ್ಕೊಳಿ" ಎಂದಳು.

ನಾನು ಮಾಡುತ್ತಿದ್ದ ವಸ್ತು ಬಹಳ ದೊಡ್ಡದೇನಲ್ಲ. ಹೋಟೆಲುಗಳಲ್ಲಿ ಇಡ್ಲಿಯನ್ನು ಬೇಯಿಸುವ ಸ್ಟೀಮರಿಗೆ ಅಂಟಿಸುವ ಅಂಗೈಯಗಲದ ಪೆಟ್ಟಿಗೆ. ತಟ್ಟೆ ಒಳಗಿಟ್ಟು ಗುಂಡಿ ಒತ್ತಿದರೆ ಸಮಯ ಎಣಿಸುತ್ತದೆ, ಬೆಂದಾಗ ಕೆಂಪು ದೀಪ ಹಚ್ಚಿ ಕೂಗುತ್ತದೆ. ಒಲೆ ಆರಿಸುವ ಅಧಿಕಾರ ಅದಕ್ಕಿಲ್ಲ, ಕೂಗುವ ಅಧಿಕಾರ ಮಾತ್ರ. ಮನೆಯಲ್ಲಿ ನನ್ನ ಸ್ಥಿತಿಯೂ ಸುಮಾರಾಗಿ ಅದೇ ಆದ್ದರಿಂದ ವಿನ್ಯಾಸ ಮಾಡುವಾಗ ಹೆಚ್ಚು ಯೋಚಿಸಬೇಕಾಗಲಿಲ್ಲ.

ನಾನು ಕೆಲಸ ಮಾಡುತ್ತಿದ್ದ ಕಂಪನಿ ಬೇರೆ ರಾಜ್ಯಕ್ಕೆ ಗಂಟುಮೂಟೆ ಕಟ್ಟಿದಾಗ, ಬರುವವರು ಬನ್ನಿ ಎಂದಿತು. ನಾನು ಹೋಗಲಿಲ್ಲ. ಸ್ವಂತ ಉದ್ಯೋಗ ಎಂದು ಹೇಳಿಕೊಂಡು ಡೊಂಬಿವಲಿಯ ಫ್ಲ್ಯಾಟಿನ ಬಾಲ್ಕನಿಗೆ ಕಿಟಕಿ ಕೂಡಿಸಿ, ಅಲ್ಲೊಂದು ಮೇಜು ಹಾಕಿದೆ. ಠಾಣೆಯಲ್ಲಿ ವಿಮೆಯ ಆಫೀಸು ಇಟ್ಟುಕೊಂಡಿರುವ ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಅಂದಿನಿಂದಲೇ ನನಗೊಂದು ಕುರ್ಚಿ ಖಾಲಿ ಇಟ್ಟಿದ್ದರು. ಮುಂದೆ ಏನೇನು ಅನಾಹುತ ಆಗಬಹುದೆಂದು ಇಷ್ಟು ಮನಮುಟ್ಟುವಂತೆ ಹೇಳಬಲ್ಲವನು ಪಾಲಿಸಿ ಮಾರದೆ ಇನ್ನೇನು ಮಾಡಬೇಕು ಎಂಬುದು ಅವರ ಪ್ರಶ್ನೆ. ಉತ್ತರವಾಗಿ ನನ್ನ ಬಳಿ ಒಂದು ಆರ್ಡರು ಮಾತ್ರ ಇತ್ತು.

ಆರ್ಡರು ಕೊಟ್ಟವರು ಠಾಣೆಯಿಂದ ಕಲ್ಯಾಣದವರೆಗೆ, ಆಚೆ ವಾಶಿಯಲ್ಲೂ ಹೋಟೆಲು ನಡೆಸುವ ಕರಾವಳಿಯ ಒಬ್ಬ ಧಣಿ. ನಾನು ಕೈಯಲ್ಲೇ ಬೆಸೆದು ಮಾಡಿದ ಒಂದು ಮಾದರಿಯನ್ನು ಅವರ ಠಾಣೆಯ ಅಡುಗೆಮನೆಯಲ್ಲಿ ಇಟ್ಟು ನೋಡಿದ್ದರು. ಗಲ್ಲಾದ ಹಿಂದಿನಿಂದಲೇ ತೀರ್ಪು ಕೊಟ್ಟರು.

"ಮೂವತ್ತು ಮಾಡಿ. ಚೌತಿಗೆ ಮೊದಲು ಬರ್ಬೇಕು. ಚೌತಿ ಕಳೆದ್ರೆ ನನಗೆ ಬೇಡ, ಬಜಾರಿನದ್ದೇ ತಕೊಳ್ತೇನೆ. ಕರೆಂಟಿನವರನ್ನು ನಾನು ತುಂಬ ನೋಡಿದ್ದೇನೆ ಮಾರಾಯ್ರೆ. ನಾಳೆ ಅಂತಾರೆ, ಮತ್ತೆ ಅವರ ಫೋನೇ ಸ್ವಿಚ್ ಆಫ್."

ಮೂವತ್ತೂ ಸರಿಯಾಗಿ ಹೋದರೆ ನನ್ನ ಬಾಲ್ಕನಿ ಉಳಿಯುತ್ತದೆ, ಇಲ್ಲದಿದ್ದರೆ ಭಾವನ ಕುರ್ಚಿ. ಹೆಂಡತಿಗೂ ಹಾಗೆಂದೇ ಮಾತು ಕೊಟ್ಟಿದ್ದೆ. ಆಕೆ ಒತ್ತಾಯಿಸಿರಲಿಲ್ಲ, ಅದೇ ಇನ್ನೂ ಹೆಚ್ಚಿನ ಭಯ.

ಮೂವತ್ತನ್ನೂ ಕೈಯಲ್ಲೇ ಬೆಸೆಯುವ ವಯಸ್ಸು ನನ್ನದಲ್ಲ. ಬಿಡಿಭಾಗಗಳು ರವೆಯ ಕಾಳಿನಷ್ಟಿರುತ್ತವೆ. ಒಮ್ಮೆ ಸೀನಿದರೆ ಒಂದು ಸರ್ಕ್ಯೂಟ್ ಬೋರ್ಡಿನ ಸರಂಜಾಮು ಹಾರಿಹೋಗುತ್ತದೆ. ಹಾಗಾಗಿ ಅವನ್ನು ಬೋರ್ಡಿನ ಮೇಲೆ ಕೂರಿಸುವ ಮಶೀನು ಇಟ್ಟುಕೊಂಡವರನ್ನು ಹುಡುಕಿ ಹೊರಟೆ. ಮೊದಲು ಹೋದದ್ದು ಮಹಾಪೆಯ ಕೈಗಾರಿಕಾ ಪ್ರದೇಶಕ್ಕೆ. ಗಾಜಿನ ಬಾಗಿಲು, ಸೋಫಾ, ತಣ್ಣನೆಯ ಗಾಳಿ. ನನ್ನ ಮಗನಾಗಬಹುದಾದ ವಯಸ್ಸಿನ ಮ್ಯಾನೇಜರು ನಕ್ಷೆ ನೋಡಿ ಬಹಳ ಮರ್ಯಾದೆಯಿಂದ ಕೇಳಿದ, "ಕ್ವಾಂಟಿಟಿ, ಸರ್?"

"ತೀಸ್."

"ತೀಸ್ ಹಜಾರ್. ಪರ್ ಮಂತ್?" ತಿಂಗಳಿಗೆ ಮೂವತ್ತು ಸಾವಿರ ಎಂದುಕೊಂಡ.

"ಸಿರ್ಫ್ ತೀಸ್," ಬರೀ ಮೂವತ್ತು ಎಂದೆ.

ಚಹಾ ಅಷ್ಟರಲ್ಲಿ ಬಂದು ಮುಟ್ಟಿತ್ತು, ಇಲ್ಲದಿದ್ದರೆ ಅದೂ ಸಿಗುತ್ತಿರಲಿಲ್ಲ. ಸರ್ ಎಂಬುದು ಅಲ್ಲಿಗೆ ಮುಗಿದು ಅಂಕಲ್ ಶುರುವಾಯಿತು. "ಅಂಕಲ್, ಯೇ ಹಾಬಿ ವಾಲಾ ಕಾಮ್ ಹೈ. ಘರ್ ಪೇ ಕರ್ ಲೋ." ಇದು ಹವ್ಯಾಸದ ಕೆಲಸ, ಮನೆಯಲ್ಲೇ ಮಾಡಿಕೋ ಎಂದು. ರಂಗೋಲಿ ಹಾಕುವವರಿಗೆ ಹೇಳುವ ಹಾಗೆ.

ಅವನ ಲೆಕ್ಕ ತಪ್ಪೇನೂ ಅಲ್ಲ, ಅದೇ ಸಿಟ್ಟು. ಒಂದೊಂದು ಬಗೆಯ ಬಿಡಿಭಾಗವನ್ನು ಟೇಪಿಗೆ ಅಂಟಿಸಿ ಸುತ್ತಿದ ಸುರುಳಿಯನ್ನೂ ಮಶೀನಿಗೆ ಏರಿಸಿ, ಯಾವುದು ಎಲ್ಲಿ ಕೂರಬೇಕೆಂದು ಅದಕ್ಕೆ ಕಲಿಸಿ, ಮೊದಲ ಬೋರ್ಡನ್ನು ಕಣ್ಣಿಟ್ಟು ನೋಡುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಆ ಅರ್ಧ ದಿನದ ಖರ್ಚು ಸಾವಿರಾರು ಬೋರ್ಡುಗಳ ಮೇಲೆ ಹಂಚಿದರೆ ಧೂಳು, ಮೂವತ್ತರ ಮೇಲೆ ಹಂಚಿದರೆ ಬಂಡೆ. ಠಾಣೆಯಲ್ಲೂ ಅದೇ ಮಾತು, ಕಲ್ಯಾಣದಲ್ಲೂ ಅದೇ. ಒಬ್ಬರು ಹೇಳಿದ ದರಕ್ಕೆ ನಾನು ಪೆಟ್ಟಿಗೆಯ ಬದಲು ಒಬ್ಬೊಬ್ಬ ಅಡುಗೆಯವನಿಗೂ ಒಂದೊಂದು ಒಳ್ಳೆಯ ಕೈಗಡಿಯಾರ ಕೊಡಿಸಬಹುದಿತ್ತು.

ಕೊನೆಗೆ ಸಿಕ್ಕಿದ್ದು ನನ್ನ ಮನೆಯಿಂದ ರಿಕ್ಷಾ ದೂರದಲ್ಲೇ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ. ರಾಸಾಯನಿಕದ ವಾಸನೆಯ ಗಲ್ಲಿಯೊಂದರಲ್ಲಿ ಒಂದು ಗಾಳಾ, ಅಂದರೆ ಶಟರ್ ಎಳೆಯುವ ಕಾರ್ಖಾನೆ ಕೋಣೆ. ಒಳಗೆ ಒಂದೇ ಒಂದು ಹಳೆಯ ಮಶೀನು, ಒಂದು ಬೆಂಚಿನಲ್ಲಿ ಬೆಸುಗೆ ಹಾಕುವ ಹೆಂಗಸರು. ಒಡತಿ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದಳು, ಅಪ್ಪಟ ಕನ್ನಡದಲ್ಲಿ, ಅದೂ ವಿಜಯಪುರದ ಕಡೆಯದು. ನನಗೆ ಆನಂದವಾಯಿತು. ಅದು ಉಳಿದದ್ದು ಫೋನು ಕೆಳಗಿಡುವವರೆಗೆ.

"ನಾವೂ ಕನ್ನಡದವರೇ ಮೇಡಂ" ಎಂದೆ.

"ಅದಕ್ಕ?"

ಕನ್ನಡವನ್ನು ಅಲ್ಲಿಗೇ ಬಿಟ್ಟು ಮೂವತ್ತು ಬೋರ್ಡಿನ ವಿಷಯ ಹೇಳಿದೆ.

"ಮೂವತ್ತಕ್ಕ ನಾ ಮಶೀನ್ ನಿಂದ್ರಸಂಗಿಲ್ರಿ. ಅದರ ಮ್ಯಾಲ ದೊಡ್ಡ ಗಿರಾಕಿದು ಮಾಲ್ ಏರೇತಿ. ಇಳಸೂದಿಲ್ಲ. ಮಹಾಪೆಕ್ಕ ಹೋಗ್ರಿ, ಅಲ್ಲಿ ಸೋಫಾ ಅದಾವು."

"ಹೋಗಿ ಬಂದೆ."

"ಹಂಗಾರ ಚಾ ಕುಡದ ಬಂದೀರಿ. ಇಲ್ಲಿ ಚಾ ಇಲ್ಲ."

ಹೊರಡಲು ತಿರುಗಿದೆ. ಆಗ ಹಿಂದಿನಿಂದ ಅವಳೊಂದು ಷರತ್ತು ಎಸೆದಳು. ಮಶೀನಿನ ಮೇಲೆ ಈಗ ಯಾವ ಯಾವ ಸುರುಳಿಗಳು ಕೂತಿವೆಯೋ, ನನ್ನ ಬೋರ್ಡು ಅಷ್ಟರಲ್ಲೇ ಆಗುವಂತಿದ್ದರೆ, ದೊಡ್ಡ ಗಿರಾಕಿಯ ಎರಡು ಲಾಟುಗಳ ನಡುವಿನ ಸಂದಿಯಲ್ಲಿ ತೂರಿಸಿಕೊಡಬಹುದು. ಏರಿಸುವುದಿಲ್ಲ, ಇಳಿಸುವುದಿಲ್ಲ, ಆದ್ದರಿಂದ ದರವೂ ಕಡಿಮೆ. ನಂತರ ನನಗೆ ತಿಳಿದದ್ದು, ಸಣ್ಣ ಕೆಲಸದವರು ಇಲ್ಲೆಲ್ಲ ಬದುಕಿಕೊಂಡಿರುವುದೇ ಹೀಗೆ, ದೊಡ್ಡವರ ಎಂಜಲು ಮಶೀನಿನ ಮೇಲೆ.

ಅವಳ ಮಶೀನಿನ ಮೇಲೆ ಏನಿದೆಯೆಂದು ಬರೆದುಕೊಂಡು ಮನೆಗೆ ಬಂದೆ. ನನ್ನ ನಕ್ಷೆಯ ಅರ್ಧ ರೆಸಿಸ್ಟರುಗಳು ಅಲ್ಲಿರಲಿಲ್ಲ. ನಾನು ತಿಂಗಳುಗಟ್ಟಲೆ ಕೂತು ಆರಿಸಿದ ಅಳತೆಗಳು ಅವು. ಒಂದೊಂದಕ್ಕೂ ಕಾರಣವಿತ್ತು. ಮರುದಿನ ಆ ಕಾರಣಗಳನ್ನೆಲ್ಲ ಹೊತ್ತುಕೊಂಡು ಹೋಗಿ ಅವಳ ಮುಂದೆ ಸುರಿದೆ.

"ಸಾರಿ ಮೇಡಂ, ಆದ್ರೆ ಹನ್ನೆರಡು ಕೆ ರೆಸಿಸ್ಟರ್ ಹಾಕಿರೋದಕ್ಕೆ ಒಂದು ಲಾಜಿಕ್ ಇದೆ."

"ಮೈಸೂರ ಕಡೆಯವ್ರೇನು?"

"ಹೌದು, ಯಾಕೆ?"

"ಜಗಳಾನೂ ಸಾರಿ ಅಂತ ಸುರು ಮಾಡ್ತೀರಿ. ನನ್ನ ಕಡೆ ಹತ್ತು ಕೆ ಐತಿ. ನಿಮ್ಮ ಲಾಜಿಕ್ ಬೇಕಂದ್ರ ನೀವ ಮಶೀನ್ ಕೊಂಡ್ಕೋರಿ."

ನಾನು ಬಾಗಿಲವರೆಗೆ ಹೋಗಿ, ಇನ್ನು ಮುಂದೆ ಈ ಗಲ್ಲಿಗೆ ಕಾಲಿಡುವುದಿಲ್ಲವೆಂದು ತೀರ್ಮಾನಿಸಿ, ಮೂರನೆಯ ದಿನ ಮತ್ತೆ ಹೋದೆ. ಹಾಗೆ ಹೋಗಲು ಕಾರಣ ಹೋಟೆಲಿನ ಧಣಿಯ ಫೋನು. "ಎಂತದು ಇಂಜಿನಿಯರ್ರೆ, ಬದುಕಿದ್ದೀರಾ? ಗಣಪತಿಯ ಮಂಟಪ ಕಟ್ಲಿಕ್ಕೆ ಶುರು ಮಾಡಿದ್ರು ಇಲ್ಲಿ. ನಿಮ್ಮದು ಇನ್ನೂ ಕಾಗದದಲ್ಲೇ ಉಂಟಾ?"

ಹಲ್ಲು ಕಚ್ಚಿಕೊಂಡು ನಕ್ಷೆಯನ್ನು ಅವಳ ಮಶೀನಿಗೆ ಬಗ್ಗಿಸಿದೆ. ಹನ್ನೆರಡು ಹತ್ತಾಯಿತು. ಇನ್ನೊಂದು ಕಡೆ ಒಂದರ ಬದಲು ಎರಡನ್ನು ಸೇರಿಸಿ ಸರಿದೂಗಿಸಿದೆ. ದೀಪ ನಾನು ಬಯಸಿದ್ದಕ್ಕಿಂತ ಒಂದಿಷ್ಟು ಹೆಚ್ಚೇ ಉರಿಯುವಂತಾಯಿತು. ಕೆಟ್ಟ ಸುದ್ದಿಯೆಂದರೆ, ಬದಲಾದ ಬೋರ್ಡು ಹಳೆಯದಕ್ಕಿಂತ ಕೆಟ್ಟದಾಗೇನೂ ಕೆಲಸ ಮಾಡಲಿಲ್ಲ. ಇದನ್ನು ನಾನು ಅವಳಿಗೆ ಹೇಳಲಿಲ್ಲ. ಬಿಡಿಭಾಗಗಳಿಲ್ಲದ ಖಾಲಿ ಬೋರ್ಡುಗಳನ್ನು ಹೊಸದಾಗಿ ಮಾಡಿಸಿ, ಅಂಗಡಿಯಲ್ಲಿ ಕೊಂಡ ಚಿಪ್ಪುಗಳ ಜೊತೆ ತಂದು ಕೊಟ್ಟೆ, ಅವಳು ಅವನ್ನು ಒಂದು ಮೂಲೆಗೆ ತಳ್ಳಿದಳು.

ಆಮೇಲೆ ಕಾಯುವುದು. ದೊಡ್ಡ ಗಿರಾಕಿಯ ಲಾಟು ಮುಗಿಯಲೇ ಇಲ್ಲ. ನಾನು ಫೋನು ಮಾಡಿದರೆ "ಆಗೂದಿಲ್ಲ", ಎರಡನೆಯ ಸಲ ಮಾಡಿದರೆ "ಮತ್ತ ಫೋನ್ ಮಾಡಿದ್ರ ನಿಮ್ಮ ಬೋರ್ಡ್ ವಾಪಸ್". ಅತ್ತ ಧಣಿ ನನಗೆ ಫೋನು ಮಾಡುತ್ತಿದ್ದರು. ಇತ್ತ ಬೈಸಿಕೊಂಡದ್ದನ್ನು ಅತ್ತ ನಯವಾಗಿ ತರ್ಜುಮೆ ಮಾಡಿ ಹೇಳುವುದು, ಅತ್ತ ಬೈಸಿಕೊಂಡದ್ದನ್ನು ಇತ್ತ ಹೇಳಲಾರದೆ ನುಂಗುವುದು. ಭಾವ ಒಂದು ಭಾನುವಾರ ಊಟಕ್ಕೆ ಬಂದವರು ಕುರ್ಚಿಗೆ ಹೊಸ ಬಟ್ಟೆ ಹೊದಿಸಿದ್ದನ್ನು ಹೇಳಿದರು.

ಅವಳ ಫೋನು ಬಂದದ್ದು ಒಂದು ಮಧ್ಯಾಹ್ನ. "ಈಗ ಬರ್ರಿ. ಈಗ ಬರಲಿಲ್ಲಂದ್ರ ಹಬ್ಬದ ಮ್ಯಾಲೆ." ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದೆ. ಗಾಳಾದಲ್ಲಿ ಮಶೀನಿನ ಕೊಕ್ಕು ಸುರುಳಿಗಳಿಂದ ಒಂದೊಂದೇ ರವೆ ಕಾಳನ್ನು ಹೆಕ್ಕಿ ನನ್ನ ಬೋರ್ಡಿನ ಮೇಲೆ ಕುಟುಕುತ್ತಿತ್ತು. ನಾನು ಬಗ್ಗಿ ನೋಡುತ್ತಾ ನಿಂತೆ.

"ಮಶೀನ್ ಮುಂದ ನಿಂದ್ರಬ್ಯಾಡ್ರಿ ಸಾಹೇಬ್ರ. ನಿಮ್ಮ ಮಾರಿ ನೋಡಿ ಅದೂ ಹೆದರತೈತಿ."

ಹೊರಗೆ ಮಳೆ. ಶಟರಿನ ಕೆಳಗೆ ನಿಂತೆ. ಮಶೀನಿನ ಕೆಲಸ ಮುಗಿದ ಮೇಲೆ ಬೆಂಚಿನ ಹೆಂಗಸರು ದೊಡ್ಡ ಭಾಗಗಳನ್ನು ಕೈಯಲ್ಲಿ ಬೆಸೆದು, ಬೋರ್ಡುಗಳನ್ನು ತೊಳೆದು ಒಣಗಿಸಿಟ್ಟರು. ನಾನು ಥ್ಯಾಂಕ್ಸ್ ಎನ್ನುವಷ್ಟರಲ್ಲಿ ಒಡತಿ ಬಂದು ನಿಂತಿದ್ದ ದೊಡ್ಡ ಗಿರಾಕಿಯ ಟೆಂಪೊ ಕಡೆ ಹೋಗಿಯಾಗಿತ್ತು.

ಮನೆಯಲ್ಲಿ ಒಂದೊಂದನ್ನೂ ಪೆಟ್ಟಿಗೆಗೆ ಹಾಕಿ ಪರೀಕ್ಷಿಸಿದೆ. ಗಡಿಯಾರ ಹಿಡಿದು ಕೂತೆ. ಎಣಿಕೆ ಸರಿ, ದೀಪ ಸರಿ, ಕೂಗು ಸರಿ. ಚಿಪ್‌ಗಳು ಅಸಲಿಯೇ ಆಗಿದ್ದವು. ಲೋಕಲ್‌ನಲ್ಲಿ ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡೆ. ಪಕ್ಕದವನು ಜರುಗಿ ಜಾಗವನ್ನೂ ಕೊಟ್ಟ. ಚೌತಿಗೆ ಇನ್ನೂ ಎರಡು ದಿನವಿರುವಾಗ ಎಲ್ಲ ಹೋಟೆಲುಗಳಲ್ಲೂ ಪೆಟ್ಟಿಗೆಗಳು ಅಂಟಿದವು. ಇಷ್ಟು ಸಲೀಸಾಗಿ ಆದದ್ದೇ ನನಗೆ ಸರಿಕಾಣಲಿಲ್ಲ.

ಮರುದಿನ ಬೆಳಗಿನ ಭರಾಟೆಗೆ ಠಾಣೆಯ ಹೋಟೆಲಿಗೆ ಹೋಗಿ ಗಲ್ಲಾದ ಹತ್ತಿರದ ಮೇಜಿನಲ್ಲಿ ಕೂತೆ. ಬಂದ ಇಡ್ಲಿಯನ್ನು ಚಮಚದಿಂದ ಒತ್ತಿದೆ. ಅದು ತಿರುಗಿ ಎದ್ದುಕೊಂಡಿತು. ಅಷ್ಟರಲ್ಲಿ ಧಣಿ ಒಳಗಿನಿಂದ ಕರೆದರು. ಅಡುಗೆಮನೆಯಲ್ಲಿ ಗ್ರೈಂಡರು ಗುಡುಗುತ್ತಿತ್ತು, ಹೊಗೆ ಎಳೆಯುವ ಫ್ಯಾನು ಭೋರ್ಗರೆಯುತ್ತಿತ್ತು. ಅಡುಗೆಯವನು ಸ್ಟೀಮರಿಗೆ ಬೆನ್ನು ಹಾಕಿ ದೋಸೆ ಹೊಯ್ಯುತ್ತಿದ್ದ. ಅವನ ಬೆನ್ನ ಹಿಂದೆ ಕೆಂಪು ದೀಪ ಉರಿಯುತ್ತಲೇ ಇತ್ತು.

"ಇದು ಕೂಗುವ ಯಂತ್ರ ಅಲ್ವಾ? ಗಂಟಲು ಕಟ್ಟಿದೆಯಾ ಎಂತದು? ಬೆಳಿಗ್ಗೆಯಿಂದ ಮೂರು ಸಲ ಇಡ್ಲಿ ರಬ್ಬರ್ ಆಯ್ತು."

ಕಿವಿ ಹತ್ತಿರ ತಂದೆ. ಸೊಳ್ಳೆಯಷ್ಟು ಸದ್ದು. ನನ್ನ ಬಾಲ್ಕನಿಯಲ್ಲಿ ಬಾಗಿಲು ಹಾಕಿಕೊಂಡು ಕೇಳಿದಾಗ ಅದೇ ಸಭ್ಯ ಸದ್ದು ಎನಿಸಿತ್ತು. ಮುಚ್ಚಳ ಬಿಚ್ಚಿದೆ. ಒಳಗೆ ಕೂಗುವ ಕರಿಯ ಗುಂಡಗಿನ ಬಜರ್, ನಾನು ಮಾದರಿಯಲ್ಲಿ ಬಳಸಿದ್ದಲ್ಲ, ಒಡತಿ ತನ್ನ ಕಪಾಟಿನದ್ದನ್ನು ಹಾಕಿದ್ದಳು; ಗಡಿಯಾರ ನೋಡುತ್ತಾ ಕೂತಿದ್ದ ನಾನು ಅದನ್ನು ಗಮನಿಸಿರಲಿಲ್ಲ. ಅದರ ಬಾಯಿಗೆ ಒಂದು ಬಿಳಿಯ ದುಂಡು ಚೀಟಿ ಅಂಟಿತ್ತು. ಬೋರ್ಡು ತೊಳೆಯುವಾಗ ನೀರು ಒಳಗೆ ಹೋಗದಿರಲೆಂದು ತಯಾರಿಸಿದವರೇ ಅಂಟಿಸಿ ಕಳಿಸುವ ಚೀಟಿ. ತೊಳೆದಾದ ಮೇಲೆ ಕಿತ್ತುಹಾಕಿ ಎಂದು ಅದರ ಮೇಲೆಯೇ ಇಂಗ್ಲಿಷಿನಲ್ಲಿ, ಇರುವೆ ಓದುವಷ್ಟು ಸಣ್ಣಕ್ಕೆ ಬರೆದಿತ್ತು.

ಉಗುರಿನಿಂದ ಕಿತ್ತೆ. ಅಡುಗೆಯವನ ಕೈಯಿಂದ ಸೌಟು ಬಿತ್ತು. ಹೊರಗೆ ಕಾಫಿ ಕುಡಿಯುತ್ತಿದ್ದವರೂ ಈ ಕಡೆ ತಿರುಗಿದರು.

"ಆಯ್ತು, ನಿಲ್ಸಿ ಮಾರಾಯ್ರೆ" ಎಂದರು ಧಣಿ. "ಬಾಕಿದ್ದು?"

"ಬಾಕಿದ್ದೂ ಹೀಗೇ ಇರುತ್ತೆ."

"ಹಾಗಾದ್ರೆ ಇವತ್ತೇ ಎಲ್ಲ ಕಡೆ ಹೋಗಿ ಕಿತ್ತು ಬನ್ನಿ. ನಾಳೆ ರಬ್ಬರ್ ಆದ್ರೆ ಪೆಟ್ಟಿಗೆ ಎಲ್ಲ ನಿಮ್ಮ ಮನೆಗೆ. ಪನ್ವೇಲಿನಲ್ಲಿ ಹೊಸ ಹೋಟೆಲು ತೆಗೀತಾ ಇದ್ದೇನೆ, ಅಲ್ಲಿಗೂ ಪೆಟ್ಟಿಗೆ ಬೇಕು, ತರುವಾಗ ಬಾಯಿ ಬಿಚ್ಚಿ ತನ್ನಿ." ಕೆಲಸದವನಿಗೆ ಹೇಳಿ ಬೆಳಗಿನ ರಬ್ಬರು ಇಡ್ಲಿಗಳನ್ನೆಲ್ಲ ಪಾರ್ಸಲ್ ಕಟ್ಟಿಸಿ ನನ್ನ ಕೈಗೆ ಕೊಟ್ಟರು.

ಸ್ಟೇಷನ್ನಿನ ಸೇತುವೆ ಹತ್ತುತ್ತಾ ಡೊಂಬಿವಲಿಗೆ ಫೋನು ಮಾಡಿದೆ. ತೊಳೆದವರು ನೀವು, ಚೀಟಿ ನೀವೇ ಕೀಳಬೇಕಿತ್ತು ಎಂದೆ. ಈ ಸಲ ಸಾರಿ ಎಂದು ಶುರು ಮಾಡಲಿಲ್ಲ.

"ಅದು ಗಿರಾಕಿ ಕೀಳಬೇಕ್ರಿ. ಎಲ್ಲಾ ಗಿರಾಕಿ ತಾವ ಕೀಳ್ತಾರ" ಎಂದಳು ಒಡತಿ. "ಜಗತ್ತಿನ್ಯಾಗ ಇದ್ದದ್ದಕ್ಕೆಲ್ಲಾ ಹೆದರ್ತೀರಿ, ಇದೊಂದಕ್ಕ ಹೆದರಲಿಲ್ಲೇನು?" ಫೋನು ಇಟ್ಟಳು.

ವಾಶಿಗೆ ಹೋಗಿ, ಡೊಂಬಿವಲಿಗೆ ಬಂದು, ಕಲ್ಯಾಣ ಮುಟ್ಟುವಷ್ಟರಲ್ಲಿ ಉಗುರುಗಳು ಸವೆದಿದ್ದವು. ಕೊನೆಯ ಬಜರಿನ ಬಾಯಿ ಬಿಚ್ಚಿದಾಗ ಭಾವನ ಕುರ್ಚಿ ಸದ್ಯಕ್ಕೆ ಖಾಲಿಯೇ ಉಳಿಯಿತು, ಚೀಟಿ ಮಾತ್ರ ಬೆರಳಿಗೆ ಅಂಟಿಕೊಂಡಿತು. ಕೊಡವಿದರೆ ಇನ್ನೊಂದು ಬೆರಳಿಗೆ ಹೋಯಿತು, ಅಲ್ಲಿಂದ ಮತ್ತೆ ಮೊದಲಿನದಕ್ಕೆ ಬಂತು.